ಕತ್ತೆಯ ಮೂರು ಕಿವಿ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ನಾನು ಓದು ಕಲಿತ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಒಂದು ಊರು, ಊರಲ್ಲೊಬ್ಬ ಮನುಷ್ಯ, ಅವನಿಗೊಂದು ಕಷ್ಟ. ಕೊನೆಗೆ ದೇವರು ಕಣ್ಣು ಬಿಟ್ಟ ಎಂದರೆ ಓದುವವರು ಪುಸ್ತಕ ಮುಚ್ಚಿ ಊಟಕ್ಕೆ ಏಳುತ್ತಿದ್ದರು. ಈಗ ಹಾಗಲ್ಲವಂತೆ. ಮಗಳು ಹೇಳಿದಳು, ಈಗಿನ ಕಥೆ ಮೊದಲು ಕನ್ನಡಿಯ ಮುಂದೆ ನಿಂತು ‘ನಾನು ಕಥೆ ಹೌದೋ ಅಲ್ಲವೋ’ ಎಂದು ಕೇಳಿಕೊಳ್ಳಬೇಕಂತೆ. ಈ ವಯಸ್ಸಿನಲ್ಲಿ ನನಗೆ ಕನ್ನಡಿ ನೋಡುವ ಹುಮ್ಮಸ್ಸಿಲ್ಲ. ಆದರೂ ನೋಡೋಣ.

ಆರಂಭ ಒಂದು: ‘ಗ್ಯಾರೇಜಿನ ತುಕ್ಕು ಹಿಡಿದ ಬಾಗಿಲು ಕಿರ್ರೆಂದು ತೆರೆಯಿತು.’ (ಹೊಡೆದು ಹಾಕಿದ್ದೇನೆ. ಆ ಗ್ಯಾರೇಜಿಗೆ ಇರುವುದು ಶಟರ್. ಮೆಕ್ಯಾನಿಕ್ ಅದಕ್ಕೆ ವಾರಕ್ಕೊಮ್ಮೆ ಗ್ರೀಸ್ ಹಚ್ಚುತ್ತಾನೆ. ಪಾಪ, ಕಥೆಯ ಶೋಭೆಗಾಗಿ ಅವನ ಶಟರಿಗೆ ಯಾಕೆ ಕೆಟ್ಟ ಹೆಸರು.)

ಆರಂಭ ಎರಡು: ‘ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬಿತು.’ (ಇದು ನಿಜ. ಆದರೆ ಇದರ ಮುಂದಿನ ವಾಕ್ಯ ಬರಲಿಲ್ಲ. ಎದ್ದು ಹೋಗಿ ಕುಂಡದ ಗಿಡಗಳಿಗೆ ನೀರು ಹಾಕಿದೆ. ಬೆಳಿಗ್ಗೆಯೇ ಹಾಕಿದ್ದೆನೆಂದು ಆಮೇಲೆ ನೆನಪಾಯಿತು.)

ಆರಂಭ ಮೂರು: ನೇರವಾಗಿ ಹೇಳಿಬಿಡುತ್ತೇನೆ. ಯಜಮಾನರ ಬಳಿ ಪ್ರಾಯದಲ್ಲಿ ಒಂದು ರೇಸಿನ ಮೋಟರ್‌ಸೈಕಲ್ ಇತ್ತು. ಮಗಳು ಹುಟ್ಟುತ್ತಾಳೆಂದು ತಿಳಿದ ಮೇಲೆ ಅದನ್ನು ಮಾರಿದರು. ಅವರು ಹೋದ ಮೇಲೆ ಅವರ ತಮ್ಮ, ಎಂದರೆ ನನ್ನ ಮೈದುನ, ಅದನ್ನು ಎಲ್ಲಿಂದಲೋ ಹುಡುಕಿ ತಂದ. ಮೊದಲಿನಂತೆ ಮಾಡಿಸಬೇಕೆಂದು ಇಬ್ಬರಿಗೂ ಆಸೆ. ಜಗಳ ಹುಟ್ಟಿದ್ದು, ಯಾವ ವರ್ಷದ ಹಾಗೆ ಮಾಡಿಸುವುದು ಎಂಬಲ್ಲಿ.

ಇಷ್ಟೇ ಕಥೆ. ಅವಸರವಿದ್ದವರು ಇಲ್ಲಿಗೇ ಏಳಬಹುದು, ನಾನೇನೂ ಅಂದುಕೊಳ್ಳುವುದಿಲ್ಲ.

೧

ಗಾಡಿಯ ಹೆಸರು ಕತ್ತೆ. ಒಂಟಿ ಸಿಲಿಂಡರಿನದು. ಕಿಕ್ ಹೊಡೆಯುವಾಗ ಹದ ತಪ್ಪಿದರೆ ತಿರುಗಿ ಒದೆಯುತ್ತಿತ್ತು. ಇಂಜಿನ್ನಿಗೆ ಹರಳೆಣ್ಣೆ ಹಾಕುತ್ತಿದ್ದರು. ಆಗ ರೇಸಿನ ಗಾಡಿಗಳಿಗೆ ಅದೇ ರೂಢಿ. ಸುಟ್ಟ ಹರಳೆಣ್ಣೆಯ ವಾಸನೆ ಬಟ್ಟೆಗೆ, ಕೂದಲಿಗೆ, ದಿಂಬಿಗೆ ಹತ್ತುತ್ತಿತ್ತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನಮ್ಮ ಅತ್ತೆ ಮೂಗು ಮುಚ್ಚಿಕೊಳ್ಳುವರು. ಕಸ್ತೂರಿ ಹೇಗಿರುತ್ತದೋ ನನಗೂ ಗೊತ್ತಿಲ್ಲ. ಹರಳೆಣ್ಣೆ ಗೊತ್ತು. ಹೊಸ ಸಂಸಾರದಲ್ಲಿ ಗಂಡ ಎಂದರೆ ನನ್ನ ಪಾಲಿಗೆ ಆ ವಾಸನೆಯೇ.

(ಇಲ್ಲಿ ಒಂದು ಪುಟ ವಾಸನೆಯ ಬಗ್ಗೆಯೇ ಬರೆದಿದ್ದೆ. ‘ಅಮ್ಮ, ಸಾಕು’ ಎಂದು ಮಗಳು ಅಂಚಿನಲ್ಲಿ ಗೀಚಿದಳು. ತೆಗೆದಿದ್ದೇನೆ.)

೨

ಇನ್ನು ಕಿವಿಗಳ ವಿಷಯ. ಕತ್ತೆಯ ಫ್ರೇಮಿನ ಎಡಗಡೆ ಮೂರು ಕಬ್ಬಿಣದ ತುಂಡುಗಳನ್ನು ವೆಲ್ಡ್ ಮಾಡಲಾಗಿದೆ. ಪ್ರತಿಯೊಂದಕ್ಕೂ ಒಂದು ತೂತು. ಗ್ಯಾರೇಜಿನವರು ಅದನ್ನು ಕಿವಿ ಅನ್ನುತ್ತಾರೆ. ಸೈಡ್‌ಕಾರನ್ನು ಗಾಡಿಗೆ ಬೋಲ್ಟು ಹಾಕಿ ಬಿಗಿಯುವುದು ಅಲ್ಲಿಗೆ.

ಸೈಡ್‌ಕಾರ್ ಎಂದೊಡನೆ ಹೂವಿನ ಟೋಪಿಯ ಹೆಂಗಸು ತೊಟ್ಟಿಲಿನಂಥದರಲ್ಲಿ ಕಾಲು ಚಾಚಿ ಕೂತಿರುವುದನ್ನು ಊಹಿಸಿಕೊಳ್ಳಬೇಡಿ. ರೇಸಿನದು ಬರೀ ಹಲಗೆ, ಪಕ್ಕದಲ್ಲೊಂದು ಚಕ್ರ, ಹಿಡಿದುಕೊಳ್ಳಲು ಹಿಡಿಕೆ. ಹಲಗೆಯ ಮೇಲಿರುವವರಿಗೆ ಕೂರುವ ಭಾಗ್ಯವಿಲ್ಲ. ಎಡ ತಿರುವು ಬಂದಾಗ ಚಕ್ರದಾಚೆಗೆ ಮೈಯನ್ನು ಚೆಲ್ಲಿ, ನೆಲಕ್ಕೆ ಗೇಣು ಅಂತರದಲ್ಲಿ ಜೋತುಬೀಳಬೇಕು. ಬಲ ತಿರುವಿಗೆ ಓಡಿಸುವವನ ಬೆನ್ನ ಹಿಂದಕ್ಕೆ ಹತ್ತಬೇಕು. ತಡವಾದರೆ ಗಾಡಿ ಮಗುಚುತ್ತದೆ. ಓಡಿಸುವವನು ತಿರುಗಿ ನೋಡುವಂತಿಲ್ಲ. ಹಲಗೆಯ ಮೇಲಿನವರು ಅಲ್ಲಿದ್ದಾರೆ ಎಂದು ನಂಬಿ ಹೋಗುತ್ತಿರಬೇಕು.

ಆ ಹಲಗೆಯ ಮೇಲಿದ್ದವಳು ನಾನು.

(ನಂಬಿಕೆ ಬರುವುದಿಲ್ಲವೆ? ಮೂರು ಹೊತ್ತು ಪ್ರಾರ್ಥನೆ ಮಾಡುವ ಮುದುಕಿ ಎಂದು ನೀವು ನನ್ನನ್ನು ಮನಸ್ಸಿನಲ್ಲೇ ಒಂದು ಮೂಲೆಯಲ್ಲಿ ಕೂರಿಸಿಬಿಟ್ಟಿದ್ದರೆ ದಯವಿಟ್ಟು ಸ್ವಲ್ಪ ಜರುಗಿಸಿ. ಪ್ರಾರ್ಥನೆ ಅಭ್ಯಾಸವಾದದ್ದೇ ಆ ಹಲಗೆಯ ಮೇಲೆ.)

೩

ಮೈದುನನಿಗೆ ಆ ಕಿವಿಗಳು ಬೇಡ. ಗ್ರೈಂಡರಿನಲ್ಲಿ ಉಜ್ಜಿಸಿ ನುಣ್ಣಗೆ ಮಾಡಿಸಬೇಕು ಎಂದು ಅವನ ಹಟ. ಕಂಪನಿಯಿಂದ ಬಂದಾಗ ಅದು ಎರಡೇ ಚಕ್ರದ ಗಾಡಿ. ಅಣ್ಣ ಮೊದಮೊದಲು ಬಹುಮಾನದ ಕಪ್ಪುಗಳನ್ನು ಗೆದ್ದದ್ದು ಎರಡೇ ಚಕ್ರದ ಮೇಲೆ. ಹಳೆಯ ವಾಹನಗಳ ಪ್ರದರ್ಶನದಲ್ಲಿ ತೀರ್ಪುಗಾರರು ನೋಡುವುದೂ ಅದನ್ನೇ, ಎಷ್ಟರಮಟ್ಟಿಗೆ ಒರಿಜಿನಲ್ ಎಂದು.

ಮೈದುನನ ಕಸುಬನ್ನು ಇಲ್ಲಿ ಹೇಳಲೇಬೇಕು. ಅವನು ಹಲ್ಲಿನ ಸೆಟ್ಟು ಮಾಡುತ್ತಿದ್ದವನು. ಊರಿನ ಅರ್ಧ ಮುದುಕರು ನಗುವುದು ಅವನ ಕೈಕೆಲಸದಿಂದ.

ಗ್ಯಾರೇಜಿನಲ್ಲಿ ಕತ್ತೆಯನ್ನು ಬಿಚ್ಚಿ ಹರವಿದ್ದರು. ಟ್ಯಾಂಕು ಒಂದು ಕಡೆ, ಚಕ್ರ ಒಂದು ಕಡೆ, ಬರೀ ಫ್ರೇಮು ಸ್ಟೂಲಿನ ಮೇಲೆ. ಬಣ್ಣಕ್ಕೆ ಕಳಿಸುವ ಮೊದಲು ಕಿವಿ ಇರಬೇಕೋ ಹೋಗಬೇಕೋ ತೀರ್ಮಾನವಾಗಬೇಕು, ಬಣ್ಣದ ಮೇಲೆ ಗ್ರೈಂಡರ್ ಇಡೋಕಾಗಲ್ಲ ಎಂದು ಮೆಕ್ಯಾನಿಕ್ ಹೇಳಿದ.

“ಒರಿಜಿನಲ್ ಅಂದ್ರೆ ಒರಿಜಿನಲ್ಲು, ಅತ್ತಿಗೆ. ಕಂಪನಿ ಕೊಟ್ಟಾಗ ಕಿವಿ ಇರ್ಲಿಲ್ಲ,” ಎಂದ ಮೈದುನ.

“ಜೀವಮಾನ ಎಲ್ಲ ಡೂಪ್ಲಿಕೇಟ್ ಹಲ್ಲು ಮಾಡ್ದೋನು ನೀನು. ನಿಂಗ್ಯಾಕಪ್ಪ ಒರಿಜಿನಲ್ ಚಿಂತೆ?”

“ಹಲ್ಲು ಅಗಿಯೋಕೆ, ಅತ್ತಿಗೆ. ಇದು ಅಣ್ಣ.”

ಮೆಕ್ಯಾನಿಕ್ ಬಗ್ಗಿ, ಕಾಣೆಯಾಗದೇ ಇದ್ದ ಸ್ಪ್ಯಾನರ್ ಒಂದನ್ನು ಹುಡುಕತೊಡಗಿದ.

ನನ್ನ ವಾದ ಇಷ್ಟೇ. ಆ ಕಿವಿಗಳನ್ನು ಯಜಮಾನರು ನನಗಾಗಿ ತಮ್ಮ ಕೈಯಾರೆ ಬೆಸೆದದ್ದು. ಅದನ್ನು ಉಜ್ಜಿಬಿಟ್ಟರೆ ನಾನು ಆ ಗಾಡಿಯ ಮೇಲೆ ಇದ್ದೆನೆಂಬುದಕ್ಕೆ ಲೋಕದಲ್ಲಿ ಇನ್ನಾವ ಗುರುತೂ ಇಲ್ಲ. ಫೋಟೋ ತೆಗೆಯುವವರು ಸದಾ ಬಲಗಡೆ ನಿಲ್ಲುತ್ತಿದ್ದರು. ಹಲಗೆ ಎಡಗಡೆ.

೪

(ಈ ಭಾಗವನ್ನು ಮೂರು ಸಲ ಬರೆದು ಹರಿದಿದ್ದೇನೆ. ಕಾರಣ ಐದರಲ್ಲಿದೆ.)

೫

ಕಾರಣ ಏನೆಂದರೆ, ನಾಲ್ಕರಲ್ಲಿ ಯಜಮಾನರನ್ನು ಕಥೆಯೊಳಗೆ ಕರೆತಂದಿದ್ದೆ. ಬರೆಯುವವರಿಗೆ ಆ ಒಂದು ಅನುಕೂಲವಿದೆ. ಅವರನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಕಾಫಿ ಕೊಟ್ಟು, ಒಂದು ಚೆಂದದ ಮಾತು ಆಡಿಸಿದೆ: ‘ಈ ಮೂರು ಕಿವಿಗಳನ್ನು ಬೆಸೆಯುವಾಗ ನನ್ನ ಕಣ್ಣ ಮುಂದೆ ಇದ್ದವಳು ನೀನೊಬ್ಬಳೇ.’

ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟು, “ನಾನೆಲ್ಲೇ ಇಷ್ಟು ಮಾತಾಡ್ತಿದ್ದೆ?” ಎಂದರು.

ನಿಜ. ಅವರು ಮಾತಾಡುತ್ತಿದ್ದದ್ದು ‘ಹೂಂ’. ಸಿಟ್ಟಿಗೂ ಹೂಂ, ಸಂತೋಷಕ್ಕೂ ಹೂಂ, ನನ್ನನ್ನು ನೋಡಲು ಬಂದ ದಿನವೂ ಹೂಂ. ಕಥೆಗಾಗಿ ಸ್ವಲ್ಪ ಹೊಂದಿಕೊಳ್ಳಿ ಎಂದು ಬೇಡಿಕೊಂಡೆ. ಬದುಕಿದ್ದಾಗ ಹೇಳದ್ದನ್ನು ಈಗ ಹೇಳಿದರೆ ಮೇಲಿನವನು ಲೆಕ್ಕ ಕೇಳುವುದಿಲ್ಲವೆ ಎಂಬಂತೆ ಸೂರಿನ ಕಡೆ ನೋಡಿದರು. ನಾನು ಆ ಹಾಳೆ ಹರಿದೆ. ಸುಳ್ಳು ಬರೆಯಬಾರದೆಂದಲ್ಲ. ಕಥೆ ಎಂದರೆ ಸುಳ್ಳೇ, ಅದು ನನಗೂ ಗೊತ್ತು. ಆದರೆ ಸತ್ತವರ ಬಾಯಲ್ಲಿ ಸುಳ್ಳು ಇಡಬಾರದು. ಅವರು ಉಗುಳಲಾರರು.

(ಮೇಲಿನವನ ಬರವಣಿಗೆ ನೋಡಿ. ಹೊಡೆದು ಹಾಕುವುದಿಲ್ಲ, ಇನ್ನೊಂದು ಕರಡು ಮಾಡುವುದಿಲ್ಲ. ‘ಈ ಅಧ್ಯಾಯ ಸ್ವಲ್ಪ ಬದಲಾಯಿಸಪ್ಪ’ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಎಷ್ಟು ಕೇಳಿಕೊಂಡೆ. ಆತ ದೊಡ್ಡ ಲೇಖಕ, ಓದುಗರ ಮಾತು ಕೇಳುವವನಲ್ಲ. ಆದರೂ ಓದುವುದನ್ನು ಬಿಟ್ಟಿಲ್ಲ ನಾನು.)

೬

ಚಿಕ್ಕ ಭಾಗ. ಮಗಳು ಕಾರು ಓಡಿಸುವಾಗ ಎಡ ತಿರುವು ಬಂದರೆ ನನ್ನ ಮೈ ತಾನಾಗಿ ಬಾಗಿಲಿನ ಕಡೆ ವಾಲುತ್ತದೆ. ಅವಳು ನಗುತ್ತಾಳೆ. ಯಜಮಾನರನ್ನು ಕೊನೆಯ ಸಲ ಕರೆದೊಯ್ದ ವ್ಯಾನಿನಲ್ಲಿ ನಾನು ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ದಾರಿಯಲ್ಲೊಂದು ದೊಡ್ಡ ತಿರುವು. ನಾನು ವಾಲಿದೆ. ಪಕ್ಕದವರು ಬಿದ್ದೇ ಹೋದೆನೆಂದು ನನ್ನನ್ನು ಹಿಡಿದುಕೊಂಡು ಅಳಬೇಡಿ ಎಂದರು. ನಾನು ಅಳುತ್ತಿರಲಿಲ್ಲ. ಕೆಲಸದಲ್ಲಿದ್ದೆ.

೭

ಇನ್ನು ಮುಂದೆ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಮಗಳು ಬೇಕಾದರೆ ಅಂಚಿನಲ್ಲಿ ಗೀಚಲಿ.

ಮೆಕ್ಯಾನಿಕ್ ಅಲ್ಲಿ ಇಲ್ಲಿ ವಿಚಾರಿಸಿ ಹಳೆಯ ಹಲಗೆಯನ್ನೂ ಪತ್ತೆ ಹಚ್ಚಿದ. ಒಂದು ಲಾಂಡ್ರಿಯ ಹಿತ್ತಲಲ್ಲಿ ಸೋಪಿನ ಡ್ರಮ್ಮುಗಳನ್ನು ಹೊತ್ತುಕೊಂಡು ಇತ್ತಂತೆ. ಚಕ್ರ, ಹಿಡಿಕೆ ಎಲ್ಲ ಹಾಗೇ ಇದ್ದವು. “ಒಂದ್ಸಲ ಗಾಡಿ ಜೋಡಿಸಿ, ಹಲಗೆ ಕಟ್ಟಿ ನೋಡೋಣ. ಆಮೇಲೆ ಇಬ್ರೂ ಎಷ್ಟು ಬೇಕಾದ್ರೂ ಕಿತ್ತಾಡಿ,” ಎಂದ. ನಮ್ಮ ಜಗಳದಿಂದ ಅವನಿಗೆ ಬೇರೆ ಗಿರಾಕಿಗಳ ಕೆಲಸ ನಿಂತಿತ್ತು.

ಗ್ಯಾರೇಜಿನ ಹಿಂದೆ ಒಂದು ಖಾಲಿ ಜಾಗ, ಅದರ ಕೊನೆಯಲ್ಲಿ ಯಾರೋ ಮನೆ ಕಟ್ಟಲು ಸುರಿದ ಮರಳಿನ ಗುಡ್ಡೆ. ಮೈದುನ ಓಡಿಸುತ್ತೇನೆಂದ. ನಾನು ಹಲಗೆ ಹತ್ತಿದೆ. ಜೋತುಬೀಳಲಿಲ್ಲ, ಗಾಬರಿಯಾಗಬೇಡಿ. ಸೀರೆ ಸಿಕ್ಕಿಸಿ, ಸುಮ್ಮನೆ ಕುಕ್ಕರಗಾಲಲ್ಲಿ ಕೂತು ಹಿಡಿದುಕೊಂಡೆ. ಕತ್ತೆ ಒಂದು ಸಲ ಒದೆಯಿತು, ಎರಡನೆಯ ಸಲ ಕೆಮ್ಮಿತು, ಮೂರನೆಯದಕ್ಕೆ ಹಿಡಿಯಿತು. ಹರಳೆಣ್ಣೆ ಸುಟ್ಟ ಹೊಗೆ ಮುಖಕ್ಕೆ ಬಂತು. (ಇಲ್ಲಿ ನಾನು ಏನನ್ನೂ ಬರೆಯುವುದಿಲ್ಲ.)

ನಡೆಯುವವರು ಹಿಂದೆ ಹಾಕುವಷ್ಟು ನಿಧಾನವಾಗಿ ಹೊರಟೆವು. ಎರಡು ಚಕ್ರದ ಗಾಡಿಯನ್ನು ತಿರುಗಿಸಬೇಕಾದರೆ ಮೈ ವಾಲಿಸಬೇಕು. ಮೂರು ಚಕ್ರದ್ದು ವಾಲುವುದಿಲ್ಲ, ಹ್ಯಾಂಡಲನ್ನೇ ತಿರುಗಿಸಬೇಕು. ಎರಡರ ಅಭ್ಯಾಸವಿದ್ದವರು ಮೂರನ್ನು ಹತ್ತಿದರೆ ಮಾಡುವ ತಪ್ಪು ಒಂದೇ. ಮೈದುನ ಅದನ್ನೇ ಮಾಡಿದ. ತಿರುವಿನಲ್ಲಿ ಘನವಾಗಿ, ಪ್ರಾಯದ ಹುಡುಗನಂತೆ, ಎಡಕ್ಕೆ ವಾಲಿದ. ಕತ್ತೆ ಅವನನ್ನು ಕೇಳಲೇ ಇಲ್ಲ. ನೇರ ಹೋಯಿತು.

“ವಾಲ್ಬೇಡ್ವೋ, ತಿರುಗ್ಸು,” ಎಂದೆ. “ವಾಲೋದು ನನ್ನ ಕೆಲಸ.”

ಅಷ್ಟರಲ್ಲಿ ಮರಳೊಳಗಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಹಲಗೆಯ ಚಕ್ರ ಮಾತ್ರ ಸೊಟ್ಟಗಾಯಿತು. ಮೈದುನ ಮೊದಲು ತನ್ನ ಹಲ್ಲು ಮುಟ್ಟಿ ನೋಡಿಕೊಂಡ. ಸ್ವಂತ ತಯಾರಿಕೆ, ಅಲುಗಾಡಿರಲಿಲ್ಲ. ಮೆಕ್ಯಾನಿಕ್ ನಗುವನ್ನು ತಡೆದುಕೊಳ್ಳಲು ಟೀ ತರುತ್ತೇನೆಂದು ಓಡಿದ.

ಆಮೇಲೆ ಆದದ್ದು ಸಣ್ಣ ವಿಷಯ. ಚಕ್ರಕ್ಕೆ ಎಷ್ಟು ಪೆಟ್ಟಾಗಿದೆ ನೋಡಲು ಮೈದುನ ಹಲಗೆಯ ಮೇಲೆ ಬೋರಲು ಮಲಗಿ ಆಚೆ ಬಗ್ಗಿದ. ಆಯ ತಪ್ಪದಂತೆ ಅವನ ಬಲಗೈ ತಾನಾಗಿ ಮುಂದೆ ಚಾಚಿತು. ಹಿಡಿಕೆ ಅಂಗೈಯೊಳಗೆ ಬಂದು ಕೂತಿತು. ಹುಡುಕಲಿಲ್ಲ, ತಡವರಿಸಲಿಲ್ಲ.

ಆ ಹಿಡಿಕೆ ನನಗೆ ಯಾವತ್ತೂ ಎಟುಕಿದ್ದಲ್ಲ. ಪ್ರತಿ ಎಡ ತಿರುವಿಗೂ ನಾನು ಭುಜ ಕಿತ್ತುಹೋಗುವಂತೆ ಚಾಚಬೇಕಿತ್ತು. ದೂರವಾಯಿತು ಎಂದು ಹೇಳಿದಾಗ ಯಜಮಾನರು ಹೂಂ ಅಂದು, ಅದಕ್ಕೊಂದು ಚರ್ಮದ ಪಟ್ಟಿ ಕಟ್ಟಿಕೊಟ್ಟರು. ಹಿಡಿಕೆಯನ್ನು ಮಾತ್ರ ಜರುಗಿಸಲಿಲ್ಲ. ಎರಡು ನಟ್ಟು ಬಿಚ್ಚುವ ಕೆಲಸ. ಅಳತೆ ತಪ್ಪಿದ್ದನ್ನು ಒಪ್ಪಿಕೊಳ್ಳಲು ಗಂಡಸರಿಗೆ ಕಷ್ಟ ಎಂದು ನಾನು ಇಷ್ಟು ಕಾಲ ಅಂದುಕೊಂಡಿದ್ದೆ.

ಅಳತೆ ತಪ್ಪಿರಲಿಲ್ಲ. ಬೇರೆಯವರ ತೋಳಿನ ಅಳತೆ ಅದು.

ಮೈದುನ ಎದ್ದು ಕೂತ. ನಾನು ಅವನ ಕೈಯನ್ನೇ ನೋಡುತ್ತಿದ್ದುದನ್ನು ನೋಡಿದ. ತುಂಬ ಹೊತ್ತು ಮರಳು ಕೊಡವಿಕೊಂಡ. ಆಮೇಲೆ ಹೇಳಿದ. ನಾನು ಆ ಮನೆಗೆ ಬರುವ ಮೊದಲಿನ ಮಾತು. ಅಣ್ಣ ಕಿವಿ ಬೆಸೆದು ಹಲಗೆ ಕಟ್ಟಿ, ನಾವಿಬ್ಬರೂ ಸೇರಿ ರೇಸ್ ಓಡಿಸೋಣ ಎಂದನಂತೆ. ತಮ್ಮನನ್ನು ಹಲಗೆಯ ಮೇಲೆ ಮಲಗಿಸಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿ ಹಿಡಿಕೆ ಕೂರಿಸಿದನಂತೆ. ಮೊದಲ ದಿನದ ಅಭ್ಯಾಸ, ಮೊದಲ ಎಡ ತಿರುವು. ನೆಲ ಮುಖದ ಹತ್ತಿರ ಬಂದದ್ದು ಕಂಡು ಇವನಿಗೆ ದಿಗಿಲಾಯಿತು.

“ನಾ ಕೈ ಬಿಟ್ಬಿಟ್ಟೆ, ಅತ್ತಿಗೆ. ಹಾರ್ಕೊಂಡೆ. ಗಾಡಿ ಮಗುಚ್ತು, ಅಣ್ಣನ ಕಾಲರ್ ಬೋನ್ ಮುರೀತು. ಕೇಳಿದೋರ್ಗೆಲ್ಲ ಬ್ರೇಕ್ ಫೇಲ್ ಆಯ್ತು ಅಂದ. ನಂಗೂ ಹಂಗೇ ಅಂದ. ನಂಗೆ ಗೊತ್ತಿಲ್ವಾ?”

ಅವನು ಮತ್ತೆ ಹಲಗೆ ಹತ್ತಲಿಲ್ಲ. ಅಣ್ಣ ಹತ್ತು ಎಂದೂ ಹೇಳಲಿಲ್ಲ. ಮುಂದೆ ಹೊಸ ಸೊಸೆ ಬಂದಳು. ಅಂಗಳದಲ್ಲಿ ಬಿದ್ದಿದ್ದ ಹಲಗೆಯನ್ನು ನೋಡಿ ಇದೇನು, ನನಗಾಗಿಯೇ ಎಂದು ಕೇಳಿದಳು. ಯಜಮಾನರು ಹೂಂ ಎಂದರು. ಉಳಿದದ್ದು ನಿಮಗೆ ಗೊತ್ತು.

“ಆ ಕಿವಿ ಕಂಡಾಗೆಲ್ಲ ನಂಗೆ ನನ್ನ ಕೈ ಕಾಣ್ಸತ್ತೆ,” ಎಂದ ಮೈದುನ. “ಅದಕ್ಕೇ ಬೇಡ ಅಂದಿದ್ದು. ಒರಿಜಿನಲ್ಲು ಗಿರಿಜಿನಲ್ಲು ಏನೂ ಇಲ್ಲ.”

೮

ಈಗ ನನ್ನ ಪಾಡು ನೋಡಿ. ಇಷ್ಟು ವರ್ಷ ನನ್ನದೆಂದುಕೊಂಡಿದ್ದ ಜಾಗ ಇನ್ನೊಬ್ಬರು ಬಿಟ್ಟುಹೋದ ಜಾಗವಾಗಿತ್ತು. ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ಪ್ರಾರ್ಥನೆಗೆ ಕೂತರೆ ಪ್ರಾರ್ಥನೆಯ ಮಧ್ಯೆ ಆ ಎರಡು ನಟ್ಟುಗಳೇ ನೆನಪಾಗುತ್ತಿದ್ದವು. ಯಾಕೆ ಜರುಗಿಸಲಿಲ್ಲ? ತಮ್ಮ ಒಂದು ದಿನ ತಿರುಗಿ ಬಂದಾನೆಂದು ಅವನ ಜಾಗ ಹಾಗೇ ಇಟ್ಟಿದ್ದರೆ? ಅಥವಾ ನಾನು ಚಾಚಬಲ್ಲೆನೆಂದು ನಂಬಿದ್ದರೆ? ಅಥವಾ ಬರೀ ಸೋಮಾರಿತನವೆ? (ಮೂರನೆಯದನ್ನು ನೀವು ತಳ್ಳಿಹಾಕಬೇಡಿ. ಸಂಸಾರ ಮಾಡಿದವಳು ನಾನು.)

ಅವರನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿ ಕೇಳಿದೆ. “ರೀ, ಯಾರಿಗೆ ಅಂತ ಹಾಕಿದ್ದು?”

“ಹೂಂ,” ಎಂದರು.

ಪಾತ್ರಕ್ಕೆ ಬರೆಯುವವಳಿಗಿಂತ ಹೆಚ್ಚು ಗೊತ್ತಿರುತ್ತದೆ ಎಂದು ದೊಡ್ಡವರು ಹೇಳುತ್ತಾರಂತೆ. ನನ್ನ ಪಾತ್ರಕ್ಕೆ ಗೊತ್ತಿದೆ. ಹೇಳುವುದಿಲ್ಲ, ಅಷ್ಟೇ.

೯

ಮುಕ್ತಾಯಗಳನ್ನು ಸಿದ್ಧಮಾಡಿಟ್ಟಿದ್ದೆ. ಎಸೆಯಲು ಮನಸ್ಸಿಲ್ಲ, ನೋಡಿಬಿಡಿ.

ಅ) ಕಿವಿಗಳನ್ನು ಉಜ್ಜುತ್ತಾರೆ. ಕಿಡಿ ಹಾರುತ್ತದೆ. ಕತ್ತೆ ಕಂಪನಿಯಿಂದ ಬಂದ ದಿನದಂತೆ ಹೊಳೆಯುತ್ತದೆ. ಮೈದುನನ ಎದೆ ಹಗುರಾಗುತ್ತದೆ. (ಆದರೆ ಈ ಮುಕ್ತಾಯದಲ್ಲಿ ಯಜಮಾನರು ಬ್ರಹ್ಮಚಾರಿಯಾಗಿಯೇ ಉಳಿಯುತ್ತಾರೆ. ‘ಹಾಗಾದ್ರೆ ನಾನೆಲ್ಲಿಂದ ಬಂದೆ?’ ಎಂದು ಮಗಳ ಆಕ್ಷೇಪಣೆ.)

ಆ) ಹಲಗೆ ರಿಪೇರಿಯಾಗುತ್ತದೆ. ಮುದುಕಿ ಅದರ ಮೇಲೆ ಗಾಳಿಯಲ್ಲಿ ಹಾರುತ್ತಾಳೆ, ಬಿಳಿ ಕೂದಲು ಇತ್ಯಾದಿ. (ಮಂಡಿಯ ಡಾಕ್ಟರು ಇದನ್ನು ಓದಕೂಡದು.)

ಇ) ಮೈದುನ ಹಲಗೆಯ ಮೇಲೆ, ಎಡ ತಿರುವು, ಈ ಸಲ ಕೈ ಬಿಡುವುದಿಲ್ಲ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. (ಸಿಹಿ ಜಾಸ್ತಿ. ನನಗೆ ಸಕ್ಕರೆ ಕಾಯಿಲೆ ಇದೆ.)

ನಡೆದದ್ದು ಇವು ಯಾವುವೂ ಅಲ್ಲ. ಮರುವಾರ ಗ್ಯಾರೇಜಿಗೆ ಹೋದಾಗ ನಾನು ಮೆಕ್ಯಾನಿಕ್‌ಗೆ ಕಿವಿ ಉಜ್ಜಿಬಿಡಪ್ಪ ಎಂದೆ. ಮೈದುನ ಅಡ್ಡ ಬಂದು, ಬೇಡ, ಇರಲಿ ಎಂದ. ನಿನ್ನ ಸಂಕಟಕ್ಕಿಂತ ಅದು ಹೆಚ್ಚಲ್ಲ ಎಂದು ನಾನು. ಅದು ನಿಮ್ಮ ಜಾಗ, ನಾನ್ಯಾರು ಉಜ್ಜಲು ಎಂದು ಅವನು. ದನಿ ಏರಿತು. ಮೆಕ್ಯಾನಿಕ್ ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡಿದ.

“ಅಮ್ಮಾವ್ರೇ, ಹೋದ್ವಾರ ನೀವು ಇರ್ಲಿ ಅಂದ್ರಿ, ಇವ್ರು ತೆಗಿ ಅಂದ್ರು. ಈ ವಾರ ಉಲ್ಟಾ. ಬಣ್ಣದೋನು ಬಂದು ಕೂತಿದಾನೆ. ನಾನು ಹಂಗೇ ಕಳಿಸ್ತೀನಿ,” ಎಂದವನೇ ಗ್ರೈಂಡರಿನ ವೈರು ಸುತ್ತಿಟ್ಟ.

ಹೀಗೆ ಕಿವಿಗಳು ಉಳಿದವು. ಚಕ್ರ ಸೊಟ್ಟಗಾದ್ದರಿಂದ ಹಲಗೆ ಸೇರಲಿಲ್ಲ. ಕತ್ತೆ ಈಗ ಕಪ್ಪು ಬಣ್ಣ ಬಳಿದುಕೊಂಡು ಚೆಂದವಾಗಿ ನಿಂತಿದೆ. ಎರಡು ಚಕ್ರ, ಎಡಗಡೆ ಏನನ್ನೂ ಹಿಡಿದಿರದ ಮೂರು ಕಿವಿ. ಅಂಥ ಗಾಡಿ ಯಾವ ವರ್ಷದಲ್ಲೂ ಇರಲಿಲ್ಲ.

ಪ್ರದರ್ಶನಕ್ಕೆ ಹಾಗೇ ಒಯ್ದೆವು. ತೀರ್ಪುಗಾರರೊಬ್ಬರು ಬಂದರು. ಕೋಲಿನ ತುದಿಗೆ ಕಟ್ಟಿದ ಪುಟ್ಟ ಕನ್ನಡಿಯಿಂದ ಗಾಡಿಯ ಹೊಟ್ಟೆಯನ್ನೆಲ್ಲ ನೋಡಿದರು. ಇಂಜಿನ್ ಒರಿಜಿನಲ್, ಟ್ಯಾಂಕು ಒರಿಜಿನಲ್, ಬಹಳ ಸಂತೋಷ ಎಂದರು. ಕಿವಿಗಳ ಹತ್ತಿರ ಬಂದು ನಿಂತು, ಬೆರಳಿನಿಂದ ಮುಟ್ಟಿದರು. ಇದಕ್ಕೊಂದು ಚರಿತ್ರೆ ಇದ್ದರೆ ಅಂಕ ಕಳೆಯುವುದಿಲ್ಲ, ಇಲ್ಲದಿದ್ದರೆ ಕಳೆಯಲೇಬೇಕು ಎಂದು ಸೌಜನ್ಯದಿಂದ ವಿವರಿಸಿದರು.

“ಇದನ್ನ ಯಾರಿಗೋಸ್ಕರ ಹಾಕ್ಸಿದ್ದು?”

“ಇವನಿಗೆ,” ಎಂದೆ ನಾನು.

“ಅತ್ತಿಗೆಗೆ,” ಎಂದ ಮೈದುನ.

ಎರಡೂ ಒಂದೇ ಉಸಿರಿಗೆ ಬಂದವು. ತೀರ್ಪುಗಾರರು ಪೆನ್ನು ಎತ್ತಿದವರು ಹಾಗೇ ನಿಂತು, ಯಾರಾದರೂ ಒಬ್ಬರು ಹೇಳಿ ಎಂದರು. ನಾನು ಮೈದುನನ ಕಡೆ ಕೈ ತೋರಿಸಿಕೊಂಡೇ ಇದ್ದೆ, ಅವನು ನನ್ನ ಕಡೆ.

(‘ಅಮ್ಮ, ಏನ್ ಬರ್ಕೊಂಡ್ರು? ಪ್ರೈಜ್ ಬಂತಾ?’ ಎಂದು ಮಗಳು ಅಂಚಿನಲ್ಲಿ ಕೇಳಿದ್ದಾಳೆ. ಪೆನ್ನು ಅವರ ಕೈಯಲ್ಲಿದ್ದರೂ ಅವರ ಕೈ ಇರುವುದು ನನ್ನ ಕೈಯಲ್ಲಿ. ನಾನು ಇಳಿಸಿದರೆ ತಾನೆ ಅದು ಇಳಿಯುವುದು.)

ಪಾಪ, ಮನುಷ್ಯ ಇನ್ನೂ ನಿಂತೇ ಇದ್ದಾರೆ. ಬಿಸಿಲು ಬೇರೆ. ಓದುವವರಲ್ಲಿ ಯಾರಿಗಾದರೂ ಕನಿಕರವಿದ್ದರೆ ಅವರಿಗೊಂದು ಕುರ್ಚಿ ಕೊಡಿ. ಉತ್ತರ ಮಾತ್ರ ಕೊಡಬೇಡಿ.